ರಾಗಿಯ ಬ್ರೌನಿ ಮತ್ತು ಮನೆಯ ಪಂಕ್ತಿ

ಮನೆಯಲ್ಲಿ ಬೆಂದ ಅನ್ನವು ಮನೆಯವರೆಲ್ಲರಿಗೂ ಸಲ್ಲಬೇಕೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಧರ್ಮ. ನಾವು ಬಾಲ್ಯದಲ್ಲಿ ಮಠದ ಆಶ್ರಯದಲ್ಲಿದ್ದು ಓದಿದವರು. ಅಲ್ಲಿಯ ದಾಸೋಹದಲ್ಲಿ ಮುದ್ದೆಯಾದರೆ ಎಲ್ಲರಿಗೂ ಮುದ್ದೆ, ಪಾಯಸವಾದರೆ ಎಲ್ಲರಿಗೂ ಪಾಯಸ. ಪಂಕ್ತಿಭೇದವನ್ನು ನಾವು ಕಂಡವರಲ್ಲ. ಆದರೆ ಈಚಿನ ದಿನಗಳಲ್ಲಿ, ಯಾರೂ ಬಯಸದೆಯೇ, ನಮ್ಮ ಮನೆಗಳೊಳಗೆ ಒಂದು ಬಗೆಯ ಪಂಕ್ತಿಭೇದ ಕಾಲಿರಿಸಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಕೇಕು, ಬ್ರೌನಿಗಳು ಬರುತ್ತವೆ. ಅವುಗಳಲ್ಲಿ ಹಲವು ಮೊಟ್ಟೆ ಬೆರೆತವು. ಲಿಂಗಾರ್ಪಿತವಾಗದುದನ್ನು ಮುಟ್ಟದ ಹಿರಿಯರು ಹರಸಿ ಹಿಂದೆ ಸರಿಯುತ್ತಾರೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಮೊಮ್ಮಗಳು ಬ್ರೌನಿಯ ತುಂಡನ್ನು ನಮ್ಮ ವೃದ್ಧ ತಾಯಿಯವರ ಬಾಯಿಯ ಬಳಿಗೆ ಒಯ್ದಳು. "ಬ್ಯಾಡ ಮಗ, ನೀನೇ ತಿನ್ನು" ಎಂದು ಅವರು ಮುಖ ತಿರುಗಿಸಿದರು. ಮುತ್ತಜ್ಜಿ ತನ್ನ ಮೇಲೆ ಮುನಿದರೆಂದು ಭಾವಿಸಿ ಮಗು ಅತ್ತಿತು. ಯಳಂದೂರು ತವರಿನವಳಾದ ನಮ್ಮ ಸೊಸೆ ಅದನ್ನು ಕಂಡು ಸುಮ್ಮನಿರಲಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ತಾನೇ ಬ್ರೌನಿ ಮಾಡುವೆನೆಂದಳು.

ಬ್ರೌನಿಯು 19ನೆಯ ಶತಮಾನದ ಅಂತ್ಯದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದ ತಿನಿಸು. ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ, ಚಾಕೊಲೇಟುಗಳ ಪಾಕ. ಕೇಕಿನಂತೆ ಉಬ್ಬಬೇಕಾಗಿಲ್ಲ, ಒತ್ತಾಗಿ, ಮೆತ್ತಗಿದ್ದರೆ ಸಾಕು. ರಾಗಿಗೆ ಅನುಕೂಲವಾದುದು ಈ ಗುಣವೇ. ಗೋಧಿಯ ಜಿಗುಟು ರಾಗಿಯಲ್ಲಿಲ್ಲವಾದುದರಿಂದ ಅದು ಹೆಚ್ಚು ಉಬ್ಬಲಾರದು. ಆದರೆ ಮೆತ್ತನೆಯ ಬಿಲ್ಲೆಗೆ ಅದು ತಕ್ಕ ಹಿಟ್ಟು. ಅದರ ಕಂದು ಬಣ್ಣವೂ ಕೋಕೋವಿನ ಬಣ್ಣದೊಡನೆ ಒಂದಾಗಿಬಿಡುತ್ತದೆ.

ನಮ್ಮ ಸೀಮೆಗೆ ರಾಗಿ ಹೊಸತಲ್ಲ. ಸುವರ್ಣಾವತಿಯ ನೀರುಂಡ ಯಳಂದೂರಿನ ಗದ್ದೆಗಳಲ್ಲಿ ಭತ್ತ ಬೆಳೆದರೆ, ಮಳೆಯನ್ನೇ ನಂಬಿದ ಹನೂರಿನ ಹೊಲಗಳಲ್ಲಿ ರಾಗಿ ಬೆಳೆಯುತ್ತದೆ. ಮಲೆಯ ಮಹದೇಶ್ವರರು ಸುತ್ತೂರು ಮಠದಲ್ಲಿ ರಾಗಿ ಬೀಸಿದರೆಂದು ಕಂಸಾಳೆಯವರು ಇಂದಿಗೂ ಹಾಡುತ್ತಾರೆ. ಇಂತಹ ಧಾನ್ಯವನ್ನು ಬಡವರ ಆಹಾರವೆಂದು ಕೀಳಾಗಿ ಕಂಡ ಕಾಲವೂ ಇತ್ತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣಿಗರೂ ಅದನ್ನು ಅರಸತೊಡಗಿದ್ದಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತಲೂ ಅಧಿಕ ಸುಣ್ಣದ ಅಂಶವಿದೆ. ನಾರಿನ ಅಂಶವೂ ಮೈದಾಕ್ಕಿಂತ ಬಹಳ ಹೆಚ್ಚು.

ಸೊಸೆ ಅನುಸರಿಸಿದ ಕ್ರಮವನ್ನು ತಾಯಂದಿರ ಅನುಕೂಲಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ. ಜರಡಿ ಹಿಡಿದ ರಾಗಿ ಹಿಟ್ಟು 1 ಬಟ್ಟಲನ್ನು ಸಣ್ಣ ಉರಿಯಲ್ಲಿ ಘಮ ಬರುವಂತೆ ಹುರಿದು ಆರಿಸಬೇಕು. ಬೆಲ್ಲದ ಪುಡಿ ಮುಕ್ಕಾಲು ಬಟ್ಟಲನ್ನು ಕಾಲು ಬಟ್ಟಲು ನೀರಿನಲ್ಲಿ ಕರಗಿಸಿ, ಸೋಸಿ, ತಣಿಸಬೇಕು. ಮೊಟ್ಟೆಯ ಬದಲು ಚೆನ್ನಾಗಿ ಕಳಿತ 2 ಬಾಳೆಹಣ್ಣುಗಳನ್ನು ಕಿವುಚಿ, ಕಾಲು ಬಟ್ಟಲು ಮೊಸರು, ಕಾಲು ಬಟ್ಟಲಿಗಿಂತ ತುಸು ಹೆಚ್ಚು ಕರಗಿದ ಬೆಣ್ಣೆ ಸೇರಿಸಬೇಕು. ಸಕ್ಕರೆಯಿಲ್ಲದ ಕೋಕೋ ಪುಡಿ ಕಾಲು ಬಟ್ಟಲು, ಚಿಟಿಕೆ ಉಪ್ಪು, ಹುರಿದು ಮುರಿದ ಕಡಲೆಕಾಯಿ ಬೀಜ ಒಂದು ಹಿಡಿ ಬೆರೆಸಿ, ಹಿಟ್ಟು ನೆನೆಯಲು ಅರ್ಧ ಗಂಟೆ ಬಿಡಬೇಕು. ಕೊನೆಗೆ ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್ ಕೂಡಿಸಿ, ಬೆಣ್ಣೆ ಸವರಿದ ತಟ್ಟೆಗೆ ಸುರಿಯಬೇಕು. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಅದರ ಮೇಲೆ ಕುಕ್ಕೆಯಿಟ್ಟು, 10 ನಿಮಿಷ ಕಾಯಿಸಿ, ತಟ್ಟೆಯನ್ನಿರಿಸಿ ಮುಚ್ಚಿದರಾಯಿತು. ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಬೇಯಬೇಕು. ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು; ಬಿಸಿಯಲ್ಲಿ ಪುಡಿಯಾಗುತ್ತದೆ. ಬೇಕಾದವರು ಮೇಲೆ ಬಿಳಿಗಿರಿರಂಗನ ಬೆಟ್ಟದ ಜೇನನ್ನು ಸವರಬಹುದು. ಜೇನನ್ನು ಬೇಯಿಸಬಾರದೆಂಬುದು ಆಯುರ್ವೇದದ ಮಾತು.

ಹುಟ್ಟುಹಬ್ಬದಂದು ಮೊದಲ ತುಂಡು ತಾಯಿಯವರ ತಟ್ಟೆಗೆ ಬಿತ್ತು. ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಸವಿದು, "ಇದು ನಮ್ ರಾಗೀನೆ ಕಣ್ ಮಗ" ಎಂದರು. ಹನೂರು ಸೀಮೆಯ ತಮ್ಮ ತವರಿನಲ್ಲಿ ಹಗೇವಿನಿಂದ ರಾಗಿ ತೆಗೆಯುತ್ತಿದ್ದ ಬಗೆಯನ್ನು ಆ ಸಂಜೆ ಮಗುವಿಗೆ ವಿವರಿಸಿದರು. ಮುದ್ದೆಯನ್ನು ಕಂಡರೆ ಓಡುತ್ತಿದ್ದ ಮಗು ಕಿವಿಗೊಟ್ಟು ಕೇಳಿತು.

ಒಂದು ಎಚ್ಚರಿಕೆ ಅಗತ್ಯ. ಬೆಲ್ಲವೂ ಸಕ್ಕರೆಯ ಒಡಹುಟ್ಟೇ ಆದುದರಿಂದ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬೆಣ್ಣೆಯೂ ಇದೆ. ರಾಗಿಯದೆಂದು ಮಧುಮೇಹಿಗಳು ಮನಬಂದಂತೆ ತಿನ್ನಲಾಗದು. ಗಂಡನು ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನವರ ಮಿತಿಯು ಸಿಹಿಯ ತಟ್ಟೆಗೂ ಸಲ್ಲುತ್ತದೆ. ಒಂದು ಚಿಕ್ಕ ತುಂಡು ಸಾಕು.

ಮಕ್ಕಳ ಬಯಕೆಯನ್ನು ಗದರಿ ಅಡಗಿಸುವುದು ಸುಲಭ. ಅವರ ಬಯಕೆಯ ತಿನಿಸನ್ನೇ ನಮ್ಮ ಹೊಲದ ಧಾನ್ಯದಿಂದ ಮಾಡಿಕೊಡಲು ತುಸು ಶ್ರಮ ಬೇಕು. ಆ ಶ್ರಮವೂ ಒಂದು ಕಾಯಕವೇ. ಹೆಸರು ಬ್ರೌನಿಯೆಂದಿರಲಿ, ಬೇರೆ ಏನೇ ಇರಲಿ, ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತು ತಿನ್ನುವಂತಹುದನ್ನು ನಮ್ಮ ತಾಯಂದಿರು ಮನೆಯಲ್ಲಿಯೇ ಮಾಡಲೆಂದು ಹಾರೈಸುತ್ತೇವೆ.