ಬೆಟ್ಟದ ಮೇಲಿನ ಎರಡು ಮನೆಗಳು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೀವು ನೋಡಿದ್ದೀರಾ? ನನ್ನ ದಾದಾ ಅಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಸಂಜೆ ಮೊಳೆ, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಾ ನಂದಿಬೆಟ್ಟದ ಕಡೆಗೆ ಕೈ ತೋರಿಸಿ, "ಅಲ್ಲಿ ನಮ್ಮ ಸುಲ್ತಾನರ ಮನೆಯಿದೆ. ಅದನ್ನು ಕಿತ್ತುಕೊಂಡ ದೊರೆಯ ಬಂಗಲೆಯೂ ಇದೆ" ಎನ್ನುತ್ತಿದ್ದರು. ನೋಡದಿದ್ದರೂ ಆ ಬಂಗಲೆಯ ಮೇಲೆ ನನಗೆ ಸಿಟ್ಟಿತ್ತು.

ಮಗನನ್ನು ಕರೆದುಕೊಂಡು ಬೆಟ್ಟ ಹತ್ತಿದಾಗ ಎರಡನ್ನೂ ನೋಡಿದೆ. ಟಿಪ್ಪು ಸುಲ್ತಾನರ ಬೇಸಿಗೆ ಮನೆಯ ಹೆಸರು ತಷ್ಕ್-ಎ-ಜನ್ನತ್, ಸ್ವರ್ಗವೇ ಅಸೂಯೆಪಡುವಂಥದ್ದು ಎಂದರ್ಥ. ಬಾಗಿಲಿಗೆ ಬೀಗ. ಇತ್ತ ಸರ್ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲು ಕಟ್ಟಿಸಿಕೊಂಡ ಬಂಗಲೆ ನೆಹರು ನಿಲಯವೆಂಬ ಹೆಸರು ಪಡೆದು ಅತಿಥಿಗೃಹವಾಗಿದೆ. 1986ರ ಸಾರ್ಕ್ ಸಮ್ಮೇಳನದ ವೇಳೆ ನಾಯಕರು ಬಂದದ್ದೂ ಇದೇ ಬೆಟ್ಟಕ್ಕೆ.

"ಅಮ್ಮೀ, ಸುಲ್ತಾನರ ಮನೆ ಕಿತ್ತುಕೊಂಡವನು ಇವನೇನಾ?" ಮಗ ಕೇಳಿದ.

ಹೌದೆನ್ನಲು ಬಾಯಿ ತೆರೆದವಳು ಸುಮ್ಮನಾದೆ. ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ನಂದಿದುರ್ಗವನ್ನು ಗೆದ್ದದ್ದು 1791ರ ಅಕ್ಟೋಬರಿನಲ್ಲಿ. ಸುಲ್ತಾನರು ಶಹೀದರಾದದ್ದು 1799ರಲ್ಲಿ. ಕಬ್ಬನ್ ಭಾರತಕ್ಕೆ ಬಂದದ್ದೇ 1800ರಲ್ಲಿ! ಐಲ್ ಆಫ್ ಮ್ಯಾನ್ ಎಂಬ ದ್ವೀಪದ ಹುಡುಗ ಕಂಪನಿಯ ಸೈನ್ಯ ಸೇರಿ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ. ರಸ್ತೆ ಮಾಡಿಸಿದ. ಮದುವೆಯಾಗಲಿಲ್ಲ. ಮುದಿವಯಸ್ಸಿನಲ್ಲಿ ಊರಿಗೆ ಹೊರಟವನು ದಾರಿಯಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡ. ಇಷ್ಟು ಚೆಂದದ ಮನೆ ಕಟ್ಟಿಸಿದವನಿಗೆ ತನ್ನ ಮನೆಯ ಹೊಸ್ತಿಲು ತುಳಿಯುವ ಭಾಗ್ಯ ಸಿಗಲಿಲ್ಲ.

ದಾದಾ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಕೋಟೆಯನ್ನು ಕಿತ್ತುಕೊಂಡದ್ದು ಕಂಪನಿಯೇ, ಕಬ್ಬನ್ ಅದರ ಅಧಿಕಾರಿಯೇ. ಪರರ ನೆಲದಲ್ಲಿ ಬಂಗಲೆ ಕಟ್ಟಿ ತಂಪಾಗಿ ಕುಳಿತದ್ದನ್ನು ನಾನು ಮೆಚ್ಚಲಾರೆ. ಹಾಗೆಂದು ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದೇ? ನಮ್ಮ ಸುಲ್ತಾನರ ಬಗ್ಗೆ ಜನರು ಕೇಳಿದ್ದನ್ನೆಲ್ಲ ನಿಜವೆಂಬಂತೆ ಹೇಳಿದಾಗ ನಿಮಗೆ, ನನಗೆ ಎಷ್ಟು ನೋವಾಗುತ್ತದೆ!

"ಇವನಲ್ಲ ಬೇಟಾ. ಇವನು ಆಮೇಲೆ ಬಂದವನು. ನಿನ್ನ ಮುತ್ತಾತನಿಗೆ ಅದು ಗೊತ್ತಿರಲಿಲ್ಲ" ಎಂದೆ. ದಾದಾರ ಮಾತನ್ನು ತಿದ್ದುವಾಗ ಗಂಟಲು ಕಟ್ಟಿತು. ಮರುಜಾತ್ರೆಗೆ ಬರುವೆನೆಂದು ರೈತರಿಗೆ ಹೇಳಿ ಬಂದಿದ್ದ ಅವರು ಮತ್ತೆ ಹೋಗಲಾಗಲಿಲ್ಲ.

ಇಳಿಯುವ ಮುನ್ನ ಮತ್ತೊಮ್ಮೆ ಸುಲ್ತಾನರ ಮನೆಯ ಬಳಿ ನಿಂತೆವು. ಗೋಡೆಯ ಗಾರೆಯನ್ನು ಕೆರೆದು ಬರೆದಿದ್ದ ಹೆಸರುಗಳನ್ನು ಮಗ ಒಂದೊಂದಾಗಿ ಓದತೊಡಗಿದ. ಅವುಗಳಲ್ಲಿ ಒಂದೂ ಇಂಗ್ಲಿಷರ ಹೆಸರಲ್ಲ, ಎಲ್ಲವೂ ನಮ್ಮ ಕಡೆಯವರದೇ.