ಬಲ ಅಂದ್ರೆ ಬಾ

ಕಂಕನಾಡಿ ಬೈಪಾಸ್ ರೋಡಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಹೆಣ್ಣುನಾಯಿ ಅದು. ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟಿನಲ್ಲಿ ಚಿಕಿತ್ಸೆ, ರೇಬೀಸ್ ಇಂಜೆಕ್ಷನ್ ಎಲ್ಲ ಆಗಿ ನಮ್ಮ ಜಗಲಿಗೆ ಬಂತು. "ಸಾಕುವವರು ಸಿಗುವವರೆಗೆ ಮಾತ್ರ" ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ.

ಕಾಲು ಸರಿಯಾಯಿತು, ಹೆದರಿಕೆ ಹೋಗಲಿಲ್ಲ. ಅಮ್ಮ ಹಿಡಿಸೂಡಿ ಎತ್ತಿದರೆ ಸಾಕು, ಬೆಂಚಿನಡಿ ಸೇರಿ ಉಚ್ಚೆ ಹೊಯ್ಯುತ್ತಿತ್ತು. ಕೊನೆಗೆ ಹಿಡಿಸೂಡಿಯನ್ನು ನೆಲದಲ್ಲಿ ಮಲಗಿಸಿ, ದೂರದಲ್ಲಿ ಮುಳ್ಳು ತೆಗೆದ ಬಂಗುಡೆ ಚೂರು ಇಡತೊಡಗಿದೆ. ದಿನಕ್ಕೆ ಒಂದು ಗೇಣು ಹತ್ತಿರ. ಹಿಡಿಸೂಡಿಯ ಮೇಲಿಟ್ಟ ಚೂರನ್ನು ತಿನ್ನಲು ಮೂರು ವಾರ ಹಿಡಿಯಿತು ಮಾರಾಯ್ರೆ! ಬಸ್ಸಿನ ಹಾರನ್ನಿಗೆ ಮಾತ್ರ ಕೊನೆಯವರೆಗೂ ನಡುಗುತ್ತಿತ್ತು. ಅದಕ್ಕೆ ನಾನೂ ನಡುಗುತ್ತೇನೆ ಬಿಡಿ :)

ಬೆಂಗಳೂರಿನ ದಂಪತಿ ಸಾಕಲು ಒಪ್ಪಿದರು. ಅವರಿಗೆ ತುಳು ಬಾರದು, ಇದಕ್ಕೆ ತುಳು ಬಿಟ್ಟರೆ ಬೇರೇನೂ ಬಾರದು! "ಬಲ" ಅಂದರೆ ಓಡಿ ಬರುತ್ತದೆ, "ಕುಲ್ಲು" ಅಂದರೆ ಕೂರುತ್ತದೆ. ಮೊದಲು "ಬಾ", ಕೂಡಲೇ "ಬಲ", ಬಂದರೆ ಮೀನು... ಹೀಗೆ ಎರಡು ವಾರದಲ್ಲಿ "ಬಾ" ಒಂದೇ ಸಾಕಾಯಿತು.

ಕಳೆದ ಭಾನುವಾರ ಅವರು ಕಾರಿನ ಬಾಗಿಲು ತೆರೆದು "ಬಾ" ಅಂದರು. ಹೋಗಿ ಹತ್ತಿತು. ತಿರುಗಿ ನನ್ನನ್ನು ನೋಡಿತು. ನಾಲಗೆ ತುದಿಗೆ ಬಂದ "ಬಲ" ಅನ್ನು ನುಂಗಿಕೊಂಡೆ.

ಅಮ್ಮ ಇವತ್ತೂ ಬಂಗುಡೆಯ ಮುಳ್ಳು ತೆಗೆದು ಬದಿಗಿಟ್ಟಿದ್ದಳು.