ಅಪ್ಪಾ, ಎಡಗಡೆ ನೋಡು!

ಜುಲೈ ಮಳೆಯಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದವನಿಗೆ ಯುರೋಪಿನ ರಸ್ತೆಗಳು ಒಂದು ಲೆಕ್ಕವೇ? 2025ರ ಬೇಸಿಗೆ ರಜೆಗೆ ಮುಂಚೆ ನಾನು ಹೀಗೆಯೇ ಎಂದುಕೊಂಡಿದ್ದೆ. ಹಾಸನದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳುವ ನಾನು ಇಪ್ಪತ್ತೆರಡು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಒಮ್ಮೆಯೂ ಯಾರಿಗೂ ತಾಗಿಸಿದವನಲ್ಲ. ಆ ಹೆಮ್ಮೆ ನನಗಿತ್ತು.

ಮಗಳು ಜರ್ಮನಿಯ ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ಎಂ.ಎಸ್. ಓದುತ್ತಿದ್ದಳು. "ಅಪ್ಪ, ಈ ರಜೇಲಿ ಅಮ್ಮನ್ನ ಕರ್ಕೊಂಡು ಬಂದುಬಿಡು. ಓದು ಮುಗಿದ ಮೇಲೆ ನಾನು ಎಲ್ಲಿರ್ತೀನೋ ಗೊತ್ತಿಲ್ಲ" ಎಂದಳು. ಭವಿಷ್ಯನಿಧಿಯಿಂದ ಒಂದಿಷ್ಟು ಹಣ ತೆಗೆದೆ. ಕಾರ್ಲ್ಸ್‌ರೂಹೆಯಿಂದ ಸ್ವಿಟ್ಜರ್ಲೆಂಡಿನ ಬರ್ನ್, ಅಲ್ಲಿಂದ ಜಿನೀವಾ, ನಂತರ ಪ್ಯಾರಿಸ್, ಮತ್ತೆ ಕಾರ್ಲ್ಸ್‌ರೂಹೆ ಎಂದು ಎಂಟು ದಿನಗಳ ಸುತ್ತು ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಒಂದೇ. ಹೋಗುವುದು ರೈಲಿನಲ್ಲೋ, ಬಾಡಿಗೆ ಕಾರಿನಲ್ಲೋ?

ಮಗಳು ರೈಲಿನ ಪಕ್ಷ, ನಾನು ಕಾರಿನ ಪಕ್ಷ. ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದುನನ ಮಗ ಫೋನಿನಲ್ಲಿ ನನ್ನ ಕಡೆಗೇ ಬಂದ. "ಮಾವ, ಕಾರಿನಲ್ಲಿ ಮೊದಲು ದೂರ ಪ್ರಯಾಣ ಮಾಡಿದ್ದೇ ಈ ಕಡೆ ರಸ್ತೇಲಿ, ಗೊತ್ತಾ?" ಎಂದು ಕತೆ ಹೇಳಿದ. 1888ರ ಆಗಸ್ಟ್‌ನಲ್ಲಿ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದಳಂತೆ. ದಾರಿಯಲ್ಲಿ ಇಂಧನ ಕೊಂಡದ್ದು ಔಷಧಿ ಅಂಗಡಿಯಲ್ಲಿ. ಕೊಳವೆ ಕಟ್ಟಿಕೊಂಡಾಗ ಬಿಡಿಸಿದ್ದು ಟೋಪಿಯ ಸೂಜಿಯಿಂದ. ಹೋದದ್ದೆಲ್ಲಿಗೆ? ತವರುಮನೆಗೆ! ನನ್ನಾಕೆಗೆ ಈ ಕತೆ ಬಹಳ ಹಿಡಿಸಿತು. ಆದರೂ ಅವಳ ಮತ ಕಾರಿಗೆ ಬೀಳಲಿಲ್ಲ. "ರೀ, ನೀವು ಕಾರು ಓಡಿಸಿದ್ರೆ ನೀವು ರಸ್ತೆ ನೋಡ್ತೀರಿ, ನಾನು ನಿಮ್ಮನ್ನ ನೋಡ್ತೀನಿ. ಯುರೋಪ್ ನೋಡೋರು ಯಾರು?" ಎಂದಳು.

ನಾನು ಲೆಕ್ಕದ ಮನುಷ್ಯ. ಒಂದು ಹಾಳೆಯ ನಡುವೆ ಗೆರೆ ಎಳೆದೆ. ಒಟ್ಟು ದೂರ ಸುಮಾರು 1,700 ಕಿಲೋಮೀಟರ್. ಅಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಿಲ್ಲ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳುತ್ತಾರೆ. ಆರು ಲೀಟರ್ ಎಂದು ಹಿಡಿದರೆ ಒಟ್ಟು ನೂರು ಲೀಟರ್ ಪೆಟ್ರೋಲು. ಅದಕ್ಕೆ ಬಾಡಿಗೆ ಸೇರಿಸಿ ಮೂರರಿಂದ ಭಾಗಿಸಿದೆ. ರೈಲಿನ ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ಗೆದ್ದೆನೆಂದು ಹಾಳೆಯ ಚಿತ್ರ ತೆಗೆದು ಮಗಳಿಗೆ ಕಳಿಸಿದೆ.

ಮರುದಿನ ಅದು ಕೆಂಪು ಗೆರೆಗಳೊಂದಿಗೆ ವಾಪಸು ಬಂತು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುವ ರೀತಿಯಲ್ಲೇ ತಿದ್ದಿದ್ದಳು! ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಇಳಿಯಬೇಕಾದರೆ 40 ಫ್ರಾಂಕ್ ಕೊಟ್ಟು ವರ್ಷದ ಪರವಾನಗಿ ಪಡೆಯಬೇಕು. ಒಂದು ದಿನಕ್ಕೆ ಹೋದರೂ ಅಷ್ಟೇ. ಫ್ರಾನ್ಸಿನ ಹೆದ್ದಾರಿಗಳಲ್ಲಿ ಟೋಲ್ ಬೇರೆ. ಊರೊಳಗೆ ರಾತ್ರಿ ಕಾರು ನಿಲ್ಲಿಸಲು ಬಾಡಿಗೆ. ಕಾರಿಗೆ ಪೆಟ್ಟಾದರೆ ಮೊದಲ ಒಂದಷ್ಟು ಸಾವಿರ ನಮ್ಮ ಕೈಯಿಂದ; ಅದು ಬೇಡವೆಂದರೆ ದಿನಕ್ಕಿಷ್ಟೆಂದು ಹೆಚ್ಚಿನ ವಿಮೆ. ಕಾರು ಪಡೆಯುವಾಗ ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿ. ಇವೆಲ್ಲ ಸೇರಿದ ಮೇಲೆ ಎರಡು ಕಡೆಯ ಮೊತ್ತ ಹತ್ತಿರ ಹತ್ತಿರ ಬಂದವು. ಆದರೂ ಕಾರೇ ನಾಲ್ಕು ಸಾವಿರ ರೂಪಾಯಿಯಷ್ಟು ಅಗ್ಗ. ಮೂರು ನಾಲ್ಕು ಜನ ಒಟ್ಟಿಗೆ ಹೋಗುವಾಗ ಇದು ಸಹಜ. ಕಾರಿನ ಖರ್ಚು ಹಂಚಿಹೋಗುತ್ತದೆ, ರೈಲಿನ ಖರ್ಚು ತಲೆಗೊಂದರಂತೆ ಬೆಳೆಯುತ್ತದೆ.

ರೈಲಿನ ಪಾಸಿನಲ್ಲೂ ಒಂದು ಸ್ವಾರಸ್ಯವಿದೆ. ಯುರೋಪಿನ ಹೊರಗಿನವರಿಗೆ 1959ರಲ್ಲಿ ಶುರುವಾದ ಯೂರೇಲ್ ಪಾಸ್. ಅಲ್ಲೇ ವಾಸ ಮಾಡುವವರಿಗೆ 1972ರಲ್ಲಿ ಬಂದ ಇಂಟರ್‌ರೇಲ್. ನಮ್ಮಿಬ್ಬರಿಗೆ ಒಂದು ಬಗೆ, ಮಗಳಿಗೆ ಇನ್ನೊಂದು. ಒಂದು ತಿಂಗಳೊಳಗೆ ಬೇಕಾದ ಐದು ದಿನ ಪ್ರಯಾಣ ಮಾಡಬಹುದಾದ ಪಾಸು ನಮಗೆ ಸಾಕಾಗಿತ್ತು. 27 ವರ್ಷದವರೆಗಿನವರಿಗೆ ರಿಯಾಯಿತಿ ಇದೆ. ಆದರೆ ಪಾಸು ಇದ್ದರೆ ಎಲ್ಲವೂ ಆಯಿತೆಂದಲ್ಲ. ಫ್ರಾನ್ಸಿನ ವೇಗದ ರೈಲುಗಳಲ್ಲಿ ಸೀಟಿಗೆ ಬೇರೆ ಹಣ ಕೊಟ್ಟು ಮುಂಗಡ ಕಾಯ್ದಿರಿಸಲೇಬೇಕು, ಪಾಸಿನವರಿಗೆ ಕೊಡುವ ಸೀಟುಗಳೂ ಕಡಿಮೆ.

"ನಾಲ್ಕು ಸಾವಿರ ಉಳಿಯುತ್ತಲ್ಲ" ಎಂದು ನಾನು ಹಟ ಹಿಡಿದೆ. ನಿಜ ಹೇಳಬೇಕೆಂದರೆ ಅದು ಹಣದ ಮಾತಾಗಿರಲಿಲ್ಲ. ಜರ್ಮನಿಯ ಹೆದ್ದಾರಿಯಲ್ಲಿ ಕಾರು ಓಡಿಸಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವ ಆಸೆ. ಆರ್.ಟಿ.ಒ. ಕಚೇರಿಯಲ್ಲಿ ಸಾವಿರ ರೂಪಾಯಿ ಕಟ್ಟಿ, ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡಿದ್ದೆ. ಮಗಳು ವಾದ ಬೆಳೆಸಲಿಲ್ಲ. ಹಿಂದಿನ ದಿನದವರೆಗೂ ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕಾರೊಂದನ್ನು ಕಾಯ್ದಿರಿಸಿ ಸುಮ್ಮನಾದಳು. ಆ ಸುಮ್ಮನಿದ್ದುದರ ಅರ್ಥ ನನಗೆ ಆಮೇಲೆ ತಿಳಿಯಿತು.

ಕಾರು ಸಿಗಬೇಕಾದದ್ದು ನಾವು ಇಳಿದ ಮೂರನೆಯ ದಿನ. ಎರಡನೆಯ ದಿನ ಮಗಳು ಊರು ತೋರಿಸಲು ಹೊರಟಳು. ಹೈನ್ರಿಕ್ ಹರ್ಟ್ಸ್ 1880ರ ದಶಕದಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದು ಇದೇ ಊರಿನಲ್ಲಿ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಹೆಸರಿನ ಮನುಷ್ಯ ಓಡಾಡಿದ ಜಾಗ! ಅದನ್ನೇ ಹೆಂಡತಿಗೆ ವಿವರಿಸುತ್ತ ರಸ್ತೆ ದಾಟಲು ನಿಂತೆ. ಬಲಗಡೆ ನೋಡಿದೆ. ಖಾಲಿ. ಕಾಲು ಮುಂದಿಟ್ಟೆ.

"ಅಪ್ಪಾ, ಎಡಗಡೆ ನೋಡು!" ಎಂಬ ಕೂಗು, ಗಂಟೆಯ ಸದ್ದು, ತೋಳಿಗೆ ಬಲವಾದ ಎಳೆತ, ಮೂರೂ ಒಂದೇ ಕ್ಷಣಕ್ಕೆ. ಎಡಗಡೆಯಿಂದ ಬಂದ ಟ್ರ್ಯಾಮ್ ನನ್ನ ಮುಂದೆ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಮಗಳ ಕೈ ನನ್ನ ಅಂಗಿಯ ತೋಳನ್ನು ಹಿಡಿದೇ ಇತ್ತು. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಅವಳನ್ನು ಹಿಡಿದುಕೊಂಡು ರಸ್ತೆ ದಾಟಿಸುತ್ತಿದ್ದುದು ಹೀಗೆಯೇ. ಹೆಂಡತಿ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಬಹಳ ಹೊತ್ತು ಮೂವರೂ ಮಾತಾಡಲಿಲ್ಲ.

ಅಲ್ಲಿ ವಾಹನಗಳು ಬಲಬದಿಯಲ್ಲಿ ಹೋಗುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದು ಬೇರೆ, ಮೈಗೆ ರೂಢಿಯಾಗಿರುವುದು ಬೇರೆ. ಬಿಸಿ ಪಾತ್ರೆ ಮುಟ್ಟಿದಾಗ ಕೈ ಹಿಂದೆ ಬರುವುದು ಪರಾವರ್ತಿತ ಪ್ರತಿಕ್ರಿಯೆ, ಅದು ಹುಟ್ಟಿನಿಂದ ಬಂದದ್ದು. ರಸ್ತೆಯಲ್ಲಿ ಮೊದಲು ಬಲಕ್ಕೆ ನೋಡುವುದು ಐವತ್ತು ವರ್ಷಗಳ ಅಭ್ಯಾಸ. ಮನಸ್ಸು ಬೇರೆಡೆ ಹೋದ ಕೂಡಲೇ ಅಭ್ಯಾಸವೇ ಯಜಮಾನ. ನಡೆಯುವವನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಎಳೆದುಕೊಳ್ಳಲು ಮಗಳಿಗೆ ಸಮಯ ಸಿಕ್ಕಿತು. ಗಂಟೆಗೆ 130 ಕಿಲೋಮೀಟರ್ ಎಂದರೆ ಸೆಕೆಂಡಿಗೆ 36 ಮೀಟರ್. ಒಂದೇ ಒಂದು ಸೆಕೆಂಡ್ ನಾನು ತಬ್ಬಿಬ್ಬಾದರೆ ಕಾರು ನಮ್ಮ ಶಾಲೆಯ ಕಟ್ಟಡದಷ್ಟು ಉದ್ದ ಮುಂದೆ ಹೋಗಿರುತ್ತದೆ. ಕಾರಿನೊಳಗೆ ನನ್ನ ತೋಳು ಹಿಡಿದು ಎಳೆಯುವವರು ಯಾರು? ನನ್ನ ಹಾಳೆಯಲ್ಲಿ ಪೆಟ್ರೋಲಿಗೆ ಒಂದು ಸಾಲಿತ್ತು, ಓಡಿಸುವವನಿಗೆ ಒಂದು ಸಾಲಿರಲಿಲ್ಲ.

ಸಂಜೆ ನಾನೇ ಹೇಳಿದೆ, "ಕಾರು ರದ್ದು ಮಾಡಮ್ಮ." ಅವಳು "ಸರಿ ಅಪ್ಪ" ಎಂದಷ್ಟೇ ಅಂದು, ಅಲ್ಲೇ ಮೊಬೈಲಿನಲ್ಲಿ ಪಾಸು ಕೊಂಡಳು. ನನ್ನ ಹಟಕ್ಕೆ ದಂಡ ಬೀಳದೆ ಇರಲಿಲ್ಲ. ಜಿನೀವಾದಿಂದ ಪ್ಯಾರಿಸ್‌ಗೆ ಬೆಳಗಿನ ರೈಲಿನಲ್ಲಿ ಪಾಸಿನವರ ಸೀಟು ಮುಗಿದಿದ್ದವು. ಸಂಜೆಯ ರೈಲು ಹಿಡಿದು, ಪ್ಯಾರಿಸ್‌ನ ಅರ್ಧ ದಿನ ಕಳೆದುಕೊಂಡೆವು.

ಸ್ವಿಟ್ಜರ್ಲೆಂಡಿನಲ್ಲಿ ರೈಲು ನನಗೆ ಪಾಠ ಹೇಳಿತು. ಅಲ್ಲಿ 1982ರಿಂದ ರೈಲುಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುವಂತೆ ವೇಳಾಪಟ್ಟಿ ಮಾಡಿದ್ದಾರೆ. ದೊಡ್ಡ ನಿಲ್ದಾಣಗಳಲ್ಲಿ ಹಲವು ದಿಕ್ಕಿನ ರೈಲುಗಳು ಒಂದೇ ಹೊತ್ತಿಗೆ ಸೇರುತ್ತವೆ. ಇಳಿದು, ಎದುರಿನದು ಹತ್ತಿದರಾಯಿತು. ಬರ್ನ್ ನಿಲ್ದಾಣದ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳನ್ನು ನೋಡುತ್ತಾ ನಿಂತೆ. ಅದು ಸುಮಾರು 58 ಸೆಕೆಂಡಿಗೇ ಸುತ್ತು ಮುಗಿಸಿ, ಮೇಲೆ ಒಂದು ಕ್ಷಣ ನಿಂತು, ಸಂಕೇತ ಬಂದ ಮೇಲೆ ಹೊರಡುತ್ತದೆ. ಎಲ್ಲ ಗಡಿಯಾರಗಳೂ ಒಂದೇ ನಿಮಿಷ ತೋರಿಸಲಿ ಎಂದು ಮಾಡಿದ ಉಪಾಯ. ಅದೇ ಊರಿನ ಕ್ರಾಮ್‌ಗಾಸೆ ಬೀದಿಯ 49ನೇ ನಂಬರಿನ ಮನೆಯಲ್ಲಿದ್ದುಕೊಂಡು, ಪೇಟೆಂಟ್ ಕಚೇರಿಯ ನೌಕರನಾಗಿದ್ದ ಐನ್‌ಸ್ಟೈನ್ 1905ರ ಹೊತ್ತಿಗೆ ಕಾಲದ ಬಗ್ಗೆ ಯೋಚಿಸುತ್ತಿದ್ದ. ಕಾರಿನಲ್ಲಿ ಬಂದಿದ್ದರೆ ಆ ಗಡಿಯಾರದ ಕೆಳಗೆ ನಾನು ನಿಲ್ಲುತ್ತಲೇ ಇರಲಿಲ್ಲ.

ಬೆಟ್ಟದ ಮೇಲಿನ ವೆಂಗನ್ ಎಂಬ ಹಳ್ಳಿಗೆ ಕಾರಿನ ಪ್ರವೇಶವೇ ಇಲ್ಲ. ಕಾರಿದ್ದವರೂ ಕೆಳಗೆ ಲೌಟರ್‌ಬ್ರುನೆನ್‌ನಲ್ಲಿ ನಿಲ್ಲಿಸಿ ರೈಲು ಹತ್ತಬೇಕು. ಜಿನೀವಾದ ಹೊರಗಿನ ಸರ್ನ್ ಪ್ರಯೋಗಾಲಯಕ್ಕೆ ನಿಲ್ದಾಣದ ಮುಂದೆಯೇ 18ನೇ ನಂಬರಿನ ಟ್ರ್ಯಾಮ್. 2004ರಲ್ಲಿ ಭಾರತ ಕೊಟ್ಟ ನಟರಾಜ ಅಲ್ಲಿದ್ದಾನೆ. ಆ ಸಂಜೆ ಪ್ಯಾರಿಸ್ ರೈಲಿನಲ್ಲಿ ಹೆಂಡತಿ ಕಿಟಕಿಗೆ ಅಂಟಿಕೊಂಡಿದ್ದಳು, ಮಗಳು ನನ್ನ ಭುಜಕ್ಕೊರಗಿ ನಿದ್ದೆ ಮಾಡುತ್ತಿದ್ದಳು. ಮೂರು ಗಂಟೆ ನನಗೂ ಬೇರೆ ಕೆಲಸವಿರಲಿಲ್ಲ.

ಹಾಗೆಂದು ರೈಲು ಸ್ವರ್ಗವಲ್ಲ. ಒಂದು ಕಡೆ ನಮ್ಮ ರೈಲು ತಡವಾಗಿ ಮುಂದಿನದು ತಪ್ಪಿತು. ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕುಳಿತು ಊರಿಂದ ತಂದ ಚಕ್ಕುಲಿ ತಿಂದೆವು. ಪ್ಯಾರಿಸ್‌ನ ಹಳೆಯ ಮೆಟ್ರೋ ನಿಲ್ದಾಣಗಳಲ್ಲಿ ಮೆಟ್ಟಿಲುಗಳೇ ಹೆಚ್ಚು. ಹೆಂಡತಿಯ ಮಂಡಿ ಎರಡನೇ ದಿನವೇ ಮುಷ್ಕರ ಹೂಡಿತು. ಆಮೇಲೆ ಬಸ್ಸೇ ಗತಿಯಾಯಿತು, ಊರು ಚೆನ್ನಾಗಿ ಕಂಡಿತು. ಸೂಟ್‌ಕೇಸ್ ನಾವೇ ಎತ್ತಬಲ್ಲಷ್ಟು ಭಾರವಿದ್ದರೆ ಮಾತ್ರ ರೈಲು ಸುಖ.

ಕಾರಿಗೂ ಅದರ ದಿನ ಬಂತು. ಕೊನೆಯ ಎರಡು ದಿನ ಭಾವಮೈದುನನ ಮಗ ಕಾರು ಬಾಡಿಗೆಗೆ ತೆಗೆದುಕೊಂಡು ಬಂದ. ಅವನದು ಅಲ್ಲಿನ ಲೈಸೆನ್ಸ್, ಅಲ್ಲಿನ ಅಭ್ಯಾಸ. ಕಾರು ಪಡೆಯುವ ಮೊದಲು ಸುತ್ತಲೂ ಗೀರುಗಳ ಫೋಟೋ ತೆಗೆದಿಟ್ಟುಕೊಂಡಿದ್ದ. ಬಾಡೆನ್-ಬಾಡೆನ್‌ನಿಂದ ಬ್ಲ್ಯಾಕ್ ಫಾರೆಸ್ಟಿನ ಬೆಟ್ಟದ ಮೇಲೆ ಹೋಗುವ ರಸ್ತೆಯಲ್ಲಿ, ಕಂಡಲ್ಲಿ ನಿಲ್ಲಿಸಿ, ಸಾವಿರ ಮೀಟರ್ ಎತ್ತರದ ಮುಮ್ಮೆಲ್ ಕೆರೆಯ ದಡದಲ್ಲಿ ಪುಳಿಯೋಗರೆ ತಿಂದೆವು. ಮೆಟ್ಟಿಲಿಲ್ಲ, ಓಟವಿಲ್ಲ. ಹೆಂಡತಿಯ ಮಂಡಿ ಆ ಎರಡು ದಿನ ಕಾರಿಗೇ ಮತ ಹಾಕಿತು.

ಊರಿಗೆ ಬಂದ ಮೇಲೆ ಹತ್ತನೇ ತರಗತಿಯಲ್ಲಿ ಇದನ್ನೇ ಲೆಕ್ಕವಾಗಿ ಕೊಟ್ಟೆ. ಎಲ್ಲರೂ ಗುಣಿಸಿ ಭಾಗಿಸಿ ರೂಪಾಯಿ ಪೈಸೆ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನು ತೆಗೆಯದೆ ಕೇಳಿದಳು, "ಕಾರು ಓಡಿಸೋರು ಯಾರು ಸಾರ್?"

ತಂದೆ ತಾಯಂದಿರಿಗೆ ನಾನು ಹೇಳುವುದಿಷ್ಟೇ. ಮಕ್ಕಳು ಲೆಕ್ಕ ಮಾಡಿಕೊಂಡು ಬಂದಾಗ ಅವರ ವಯಸ್ಸು ನೋಡಬೇಡಿ, ಲೆಕ್ಕದ ಸಾಲುಗಳನ್ನು ನೋಡಿ. ನಾವು ಬಿಟ್ಟ ಸಾಲು ಅಲ್ಲಿರಬಹುದು. ಒಂದು ದಿನವೂ ಬಳಸದ ಆ ಚಾಲನಾ ಪರವಾನಗಿ ಬೀರುವಿನಲ್ಲೇ ಇದೆ. ಸಾವಿರ ರೂಪಾಯಿ ದಂಡವಾಯಿತಲ್ಲ ಎಂದು ಒಮ್ಮೆ ಪೇಚಾಡಿಕೊಂಡೆ. "ಇರಲಿ ಬಿಡಿ, ಮನುಷ್ಯ ವಾಪಸ್ ಬಂದ್ರಲ್ಲ" ಎಂದಳು ನನ್ನಾಕೆ, ಕಾಫಿ ಲೋಟ ಕೈಗಿಡುತ್ತ.